ಸಮುದ್ರವೇ ಬಯಲಾದ ಹೆಲಿಪೋರ್ಟ್: ಮೊನಾಕೊದ ಒಂದು ಪ್ರಕರಣ ಅಧ್ಯಯನ

ಫ್ರಾನ್ಸಿನ ನೀಸ್ ವಿಮಾನ ನಿಲ್ದಾಣದಿಂದ ಮೊನಾಕೊ ದೇಶಕ್ಕೆ ಹೆಲಿಕಾಪ್ಟರಿನಲ್ಲಿ ಹೋದರೆ ಏಳು ನಿಮಿಷ ಸಾಕು. ರಸ್ತೆ ಹಿಡಿದರೆ ಸುಮಾರು 30 ಕಿಲೋಮೀಟರ್. ದಟ್ಟಣೆಯಿಲ್ಲದಾಗ ಅರ್ಧ ಗಂಟೆಯ ಹಾದಿ, ಬೆಳಗ್ಗೆ ಕೆಲಸಕ್ಕೆ ಹೋಗುವವರ ಹೊತ್ತಿನಲ್ಲಿ ಗಂಟೆ ಮೀರಿದರೂ ಆಶ್ಚರ್ಯವಿಲ್ಲ. ಈ ವ್ಯತ್ಯಾಸವೊಂದನ್ನೇ ಮುಂದಿಟ್ಟುಕೊಂಡರೆ ಮೊನಾಕೊದ ಹೆಲಿಪೋರ್ಟ್ ಸಿರಿವಂತರ ಸಮಯ ಉಳಿಸುವ ಸೌಕರ್ಯವೆಂದಷ್ಟೇ ತೋರುತ್ತದೆ, ಅದರ ಕುರಿತ ಬರಹಗಳೂ ಬಹುಮಟ್ಟಿಗೆ ಅಷ್ಟನ್ನೇ ಹೇಳಿ ಮುಗಿಸುತ್ತವೆ. ಎರಡು ಚದರ ಕಿಲೋಮೀಟರಿಗಿಂತ ತುಸುವೇ ಹೆಚ್ಚು ನೆಲವಿರುವ ಒಂದು ಸಾರ್ವಭೌಮ ದೇಶ ತನ್ನ ಏಕೈಕ ವಾಯುಯಾನ ದ್ವಾರವನ್ನು ಎಲ್ಲಿ ಇಟ್ಟುಕೊಂಡಿತು, ಅಲ್ಲಿಯೇ ಏಕೆ ಇಟ್ಟುಕೊಂಡಿತು, ಅದನ್ನು ನಡೆಸಲು ಯಾರ್‍ಯಾರನ್ನು ನೆಚ್ಚಬೇಕಾಯಿತು ಎಂದು ಬಿಡಿಸಿ ನೋಡಿದಾಗ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹೆಲಿಕಾಪ್ಟರಿಗೆ ಸ್ವಲ್ಪ ನೆಲವಿದ್ದರೆ ಸಾಕು ಎಂಬ ಸಾಮಾನ್ಯ ತಿಳಿವಳಿಕೆ ಅರ್ಧ ಮಾತ್ರ ನಿಜ. ಅದಕ್ಕೆ ತನ್ನ ಮುಂದೆ ಸಾಕಷ್ಟು ಖಾಲಿ ಬಯಲು ಬೇಕು. ಮೊನಾಕೊಗೆ ಆ ಬಯಲು ಸಿಕ್ಕಿದ್ದು ಕಡಲಿನ ಮೇಲೆ. ಈ ಅಧ್ಯಯನ ಆ ಎಳೆಯನ್ನೇ ಹಿಡಿದು ಸಾಗುತ್ತದೆ.

ನೆಲದ ಲೆಕ್ಕ

ಮೊನಾಕೊದ ಇಂದಿನ ವಿಸ್ತೀರ್ಣ ಸುಮಾರು 2.08 ಚದರ ಕಿಲೋಮೀಟರ್. ಕಡಲ ಅಂಚಿನುದ್ದಕ್ಕೂ ಪಟ್ಟಿಯಂತೆ ಮಲಗಿರುವ ಈ ದೇಶದ ಕರಾವಳಿ ನಾಲ್ಕು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಅಗಲ ಒಂದೆಡೆ 350 ಮೀಟರಿಗೆ ಇಳಿಯುತ್ತದೆ. ಬೆನ್ನಿಗೇ ಆಲ್ಪ್ಸ್ ಪರ್ವತಸಾಲಿನ ಕೊನೆಯ ಮಡಿಕೆಗಳು ಎದ್ದು ನಿಂತಿವೆ. ಪಟ್ಟಣದ ನೆತ್ತಿಯ ಮೇಲೆ ಬಾಗಿದಂತೆ ಕಾಣುವ, ಸ್ಥಳೀಯರು ನಾಯಿತಲೆ ಎಂದು ಕರೆಯುವ ಬಂಡೆಯ ಎತ್ತರ ಸುಮಾರು 550 ಮೀಟರ್, ಮತ್ತು ಅದು ಫ್ರಾನ್ಸಿಗೆ ಸೇರಿದ್ದು. ನೀಸ್ ನಿಲ್ದಾಣದ ಉದ್ದನೆಯ ರನ್‌ವೇ ಮೂರು ಕಿಲೋಮೀಟರಿಗೆ ಹತ್ತಿರವಿದೆ. ಅಂಥದೊಂದನ್ನು ಮೊನಾಕೊದ ಮೇಲೆ ಹಾಸಿದರೆ ದೇಶದ ಈ ಗಡಿಯಿಂದ ಆ ಗಡಿಯವರೆಗೆ ಬಹುಪಾಲು ಅದೇ ತುಂಬಿಕೊಳ್ಳುತ್ತದೆ. ವಿಮಾನ ಏರಲು, ಇಳಿಯಲು ಬೇಕಾದ ಅಡೆತಡೆಯಿಲ್ಲದ ಆಕಾಶವಂತೂ ಬೆಟ್ಟದ ಮಗ್ಗುಲಿಗೆ ಸಿಗುವುದೇ ಇಲ್ಲ. ಹೀಗಾಗಿ ವಿಮಾನ ನಿಲ್ದಾಣ ಬೇಕೇ ಬೇಡವೇ ಎಂಬ ಚರ್ಚೆಗೇ ಅಲ್ಲಿ ಎಡೆಯಿರಲಿಲ್ಲ.

ದೇಶ ಇಷ್ಟು ಕಿರಿದಾದದ್ದು 19ನೆಯ ಶತಮಾನದಲ್ಲಿ. ಮಾಂತೋಂ ಮತ್ತು ರೋಕ್‌ಬ್ರೂನ್ ಎಂಬ ಎರಡು ಊರುಗಳು 1848ರಲ್ಲಿ ಮೊನಾಕೊದಿಂದ ಬೇರೆಯಾದವು. 1861ರ ಒಪ್ಪಂದದಲ್ಲಿ ಅರಸ ಮೂರನೆಯ ಶಾರ್ಲ್ ಅವುಗಳ ಮೇಲಿನ ತನ್ನ ಹಕ್ಕನ್ನು 40 ಲಕ್ಷ ಫ್ರಾಂಕಿಗೆ ಫ್ರಾನ್ಸಿಗೆ ಬಿಟ್ಟುಕೊಟ್ಟ. ನಿಂಬೆಯೂ ಆಲಿವೂ ಬೆಳೆಯುತ್ತಿದ್ದ ಆ ಊರುಗಳ ಜತೆಗೆ ದೇಶದ ಬಹುಪಾಲು ನೆಲ ಹೋಯಿತು, ವರಮಾನವೂ ಹೋಯಿತು. ಉಳಿದ ಬಂಡೆಯ ಮೇಲೆ ಬದುಕಲು ಅರಮನೆ ನೆಚ್ಚಿದ್ದು ಜೂಜಿನ ಕಸಿನೊವನ್ನು. 1863ರಲ್ಲಿ ಜೂಜಿನ ಉದ್ಯಮಿ ಫ್ರಾನ್ಸ್ವಾ ಬ್ಲಾಂ ಅದರ ಹೊಣೆ ಹೊತ್ತಾಗ ಅವನಿಗೆ ಎದುರಾದ ಮೊದಲ ತೊಡಕು ಗಿರಾಕಿಗಳನ್ನು ಕರೆತರುವುದೇ ಆಗಿತ್ತು. ನೀಸ್‌ನಿಂದ ಬರುವವರು ಸಣ್ಣ ಹಡಗನ್ನೋ ಬೆಟ್ಟದ ಅಂಚಿನಲ್ಲಿ ಸಾಗುವ ಕುದುರೆಗಾಡಿಯನ್ನೋ ನಂಬಬೇಕಿತ್ತು. 1868ರಲ್ಲಿ ರೈಲು ತಲುಪಿದ ಮೇಲೆಯೇ ಕಸಿನೊ ಇದ್ದ ಮೊಂಟೆ ಕಾರ್ಲೊ ಭಾಗ ಏಳಿಗೆ ಕಂಡಿತು. ನೀಸ್‌ವರೆಗೆ ಬಂದವರನ್ನು ಕೊನೆಯ 20 ಕಿಲೋಮೀಟರ್ ದಾಟಿಸುವುದು ಹೇಗೆಂಬ ಪ್ರಶ್ನೆ, ಅಂದರೆ, ಹೆಲಿಕಾಪ್ಟರಿಗಿಂತ ನೂರು ವರ್ಷ ಹಳೆಯದು.

ಇಂದು ನೀಸ್ ಮತ್ತು ಮೊನಾಕೊ ನಡುವೆ ಬೆಟ್ಟದ ಮೈಮೇಲೆ ಒಂದರ ಮೇಲೊಂದು ಎಂಬಂತೆ ಮೂರು ರಸ್ತೆಗಳಿವೆ. ಅವುಗಳನ್ನು ಕೆಳಗಿನ, ನಡುವಿನ ಮತ್ತು ಮೇಲಿನ ಕಾರ್ನಿಷ್ ಎನ್ನುತ್ತಾರೆ. ಇವುಗಳಿಗೂ ಮೇಲೆ ಎ8 ಹೆದ್ದಾರಿ ಸುರಂಗಗಳ ಮೂಲಕ ಹಾದುಹೋಗುತ್ತದೆ. ಹೆದ್ದಾರಿಯಿಂದ ಕಡಲ ಮಟ್ಟಕ್ಕೆ ಇಳಿಯುವ ದಾರಿಗಳೆಲ್ಲ ಕಡಿದಾದ ತಿರುವುಗಳೇ. ಮೂರನೆಯ ರೇನಿಯೆ ಅರಸರ ಮಡದಿ ಗ್ರೇಸ್ ಕೆಲ್ಲಿ 1982ರ ಸೆಪ್ಟೆಂಬರ್ 13ರಂದು ಕಾರು ಅಪಘಾತಕ್ಕೆ ಈಡಾದದ್ದು ಇಂಥದೇ ಒಂದು ಇಳಿಜಾರಿನಲ್ಲಿ, ಮರುದಿನ ಅವರು ತೀರಿಕೊಂಡರು. ನಮ್ಮ ಕಾರವಾರದ ಕಡೆ ಸಹ್ಯಾದ್ರಿಯ ಕವಲುಗಳು ಕಡಲಿಗೆ ಮೈ ತಾಗಿಸುವುದನ್ನು ಕಂಡವರಿಗೆ ಈ ನೆಲದ ಸ್ವಭಾವ ಊಹಿಸಲು ಕಷ್ಟವಾಗದು. ಅಲ್ಲಿ ಇಡೀ ದೇಶವೇ ಅಂಥ ಒಂದು ಅಂಚಿನಲ್ಲಿ ನಿಂತಿದೆ ಎಂಬುದಷ್ಟೇ ವ್ಯತ್ಯಾಸ.

ಫೋನ್‌ವಿಯೆ: ತುಂಬಿ ಪಡೆದ ಜಾಗ

1949ರಿಂದ 2005ರವರೆಗೆ ಆಳಿದ ಮೂರನೆಯ ರೇನಿಯೆ ಅವರನ್ನು ಮೊನಾಕೊದವರು ಕಟ್ಟಡಗಳ ಅರಸ ಎಂದು ನೆನೆಯುತ್ತಾರೆ. ಅವರ ಕಾಲದಲ್ಲಿ ದೇಶ ನೆಲವನ್ನು ಎರಡು ದಿಕ್ಕಿನಲ್ಲಿ ಹುಡುಕಿತು. ಮೊದಲನೆಯದು ಬೆಟ್ಟದೊಳಗೆ: ರೈಲು ಹಳಿಗಳನ್ನು ಹಂತಹಂತವಾಗಿ ಸುರಂಗಕ್ಕೆ ಸೇರಿಸಿ ಮೇಲಿನ ಜಾಗವನ್ನು ಬಿಡಿಸಿಕೊಳ್ಳಲಾಯಿತು, 1999ರಲ್ಲಿ ನಿಲ್ದಾಣವೂ ನೆಲದಡಿಗೆ ಹೋಯಿತು. ಎರಡನೆಯದು ಕಡಲೊಳಗೆ. ಅರಮನೆಯಿರುವ ಬಂಡೆಯ ಪಶ್ಚಿಮಕ್ಕೆ, ಫ್ರಾನ್ಸಿನ ಗಡಿಗೆ ತಾಗಿದಂತೆ, 1960ರ ದಶಕದ ನಡುಭಾಗದಿಂದ 1970ರ ದಶಕದ ಮೊದಲ ವರ್ಷಗಳವರೆಗೆ ನಡೆದ ಕೆಲಸದಲ್ಲಿ ಸುಮಾರು 22 ಹೆಕ್ಟೇರ್ ಸಮುದ್ರವನ್ನು ಕಲ್ಲುಮಣ್ಣಿನಿಂದ ತುಂಬಲಾಯಿತು. ಫೋನ್‌ವಿಯೆ ಎಂಬ ಹೊಸ ವಾರ್ಡ್ ಹುಟ್ಟಿದ್ದು ಹೀಗೆ.

ಈ ಕರಾವಳಿಯಲ್ಲಿ ಸಮುದ್ರ ತುಂಬುವುದು ಸುಲಭದ ಕೆಲಸವಲ್ಲ. ದಡದಿಂದ ಸ್ವಲ್ಪ ದೂರಕ್ಕೇ ತಳ ಕುಸಿದುಬಿಡುತ್ತದೆ. ಮೊನಾಕೊದ ಮುಖ್ಯ ಬಂದರಿಗೆ 2002ರಲ್ಲಿ ಬಂದ 352 ಮೀಟರ್ ಉದ್ದದ ತೇಲುವ ತಡೆಗೋಡೆಯನ್ನು ಸ್ಪೇನಿನ ಆಲ್ಹೆಸಿರಾಸ್‌ನಲ್ಲಿ ಕಟ್ಟಿ ಸಮುದ್ರದ ಮೇಲೆ ಎಳೆದು ತರಬೇಕಾದದ್ದಕ್ಕೂ ಈ ಆಳವೇ ಕಾರಣ. ಅಷ್ಟು ಆಳದಲ್ಲಿ ತಳದಿಂದ ಗೋಡೆ ಎಬ್ಬಿಸುವುದು ಯಾರಿಗೂ ಗಿಟ್ಟುತ್ತಿರಲಿಲ್ಲ. ಒಂದು ಅನುಕೂಲವನ್ನು ಮಾತ್ರ ನಿಸರ್ಗ ಮಾಡಿಕೊಟ್ಟಿದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಉಬ್ಬರವಿಳಿತ ಕೆಲವು ಹತ್ತು ಸೆಂಟಿಮೀಟರ್ ಮಾತ್ರ. ಮಂಗಳೂರಿನ ಹಾಗೆ ನೀರು ದಿನಕ್ಕೆರಡು ಬಾರಿ ಮೀಟರು ಮೀರಿ ಏರಿಳಿಯುವ ಕಡಲಾಗಿದ್ದರೆ, ಅದರ ಮೇಲೆ ಮುಂಗಾರಿನ ಅಲೆಗಳೂ ಸೇರಿಕೊಂಡಿದ್ದರೆ, ನೀರಿನ ಅಂಚಿಗೇ ಸಮತಟ್ಟಾದ ಜಗಲಿ ಕಟ್ಟಿ ಅದರ ಮೇಲೆ ಹೆಲಿಕಾಪ್ಟರ್ ಇಳಿಸುವ ಯೋಚನೆಗೆ ಇನ್ನಷ್ಟು ಎತ್ತರದ ಗೋಡೆ ಬೇಕಾಗುತ್ತಿತ್ತು. ಹಾಗೆಂದು ಅಲ್ಲಿನ ಕಡಲು ಸದಾ ತೆಪ್ಪಗಿರುತ್ತದೆ ಎಂದಲ್ಲ. ಚಳಿಗಾಲದ ಬಿರುಗಾಳಿಗಳಲ್ಲಿ ಅಲೆಗಳು ತಡೆಗೋಡೆಯನ್ನು ಏರಿ ಬರುವುದುಂಟು.

ಹೊಸ ನೆಲವನ್ನು ಹಂಚಿದ ರೀತಿಯನ್ನು ಗಮನಿಸಬೇಕು. ಅರಮನೆಯ ಬಂಡೆಯ ಬುಡಕ್ಕೆ ದೋಣಿಗಳ ಬಂದರು, ಅದರ ಸುತ್ತ ವಾಸದ ಕಟ್ಟಡಗಳು. ಅದರಾಚೆಗೆ ಔಷಧ, ಸೌಂದರ್ಯ ಸಾಮಗ್ರಿ, ಪ್ಲಾಸ್ಟಿಕ್ ಮುಂತಾದ ಸಣ್ಣ ಕೈಗಾರಿಕೆಗಳು. 1985ರಲ್ಲಿ ತೆರೆದ, ಹಲವು ಅಂತಸ್ತಿನ ವಾಹನ ನಿಲುಗಡೆಯ ತಲೆಯ ಮೇಲೆ ಹುಲ್ಲುಗಾವಲು ಹೊತ್ತ ಎರಡನೆಯ ಲೂಯಿ ಕ್ರೀಡಾಂಗಣ. ಮತ್ತು ಪಶ್ಚಿಮದ ತುತ್ತತುದಿಯಲ್ಲಿ, ಕಡಲಿಗೆ ಮುಖಮಾಡಿ, ಲಿಗೂರ್ ರಸ್ತೆಯ ಬದಿಗೆ ಹೆಲಿಪೋರ್ಟ್. ಎರಡು ಆಟದ ಮೈದಾನಗಳಿಗಿಂತ ಬಹಳ ದೊಡ್ಡದೇನಲ್ಲದ ಆ ಜಗಲಿಯ ಮೇಲೆ ಇಳಿಯುವ ವೃತ್ತ, ಕೆಲವೇ ನಿಲುಗಡೆಯ ಜಾಗಗಳು, ಒಂದು ಪುಟ್ಟ ಟರ್ಮಿನಲ್ ಇಷ್ಟೇ ಇವೆ. ಗದ್ದಲದ ವ್ಯವಹಾರವನ್ನು ಮನೆಗಳಿಂದ ಆದಷ್ಟು ದೂರ, ದೇಶದ ಅಂಚಿಗೆ ಸರಿಸಿದ ಯೋಜನೆ ಇದು. ಆದರೆ ಎರಡು ಚದರ ಕಿಲೋಮೀಟರಿನ ದೇಶದಲ್ಲಿ ಅಂಚು ಎಂದರೆ ನೆರೆಮನೆಯ ಅಂಗಳವೂ ಹೌದು. ಹೆಲಿಪೋರ್ಟಿನ ಪಕ್ಕಕ್ಕೇ ಫ್ರಾನ್ಸಿನ ಕಾಪ್ ದಾಯ್ ಊರಿನ ದೋಣಿ ಬಂದರಿದೆ, ನೀಸ್‌ನತ್ತ ಹೊರಟ ಹೆಲಿಕಾಪ್ಟರ್ ನಿಮಿಷ ತುಂಬುವ ಮೊದಲೇ ಆ ಊರಿನ ಮುಂದಿರುತ್ತದೆ.

ಹೆಲಿಕಾಪ್ಟರಿಗೆ ಬಯಲೇಕೆ ಬೇಕು

ಈ ಪ್ರಕರಣದ ತಿರುಳು ಇಲ್ಲಿದೆ ಎಂಬುದು ನನ್ನ ಎಣಿಕೆ, ಆದ್ದರಿಂದ ತುಸು ನಿಧಾನವಾಗಿ ಹೇಳುತ್ತೇನೆ. ಹೆಲಿಕಾಪ್ಟರ್ ನಿಂತಲ್ಲಿಂದ ನೇರವಾಗಿ ಮೇಲೇರುತ್ತದೆ ಎಂದು ನಾವು ಭಾವಿಸಿದ್ದೇವೆ. ಅದು ಏರಬಲ್ಲದು, ಆದರೆ ಪ್ರಯಾಣಿಕರನ್ನು ಹೊತ್ತ ಹೆಲಿಕಾಪ್ಟರಿನ ಪೈಲಟ್ ಸಾಮಾನ್ಯವಾಗಿ ಹಾಗೆ ಏರಿಸುವುದಿಲ್ಲ. ನೆಲದಿಂದ ಒಂದೆರಡು ಮೀಟರ್ ಎದ್ದು ನಿಂತ ಹೆಲಿಕಾಪ್ಟರಿಗೆ ರೋಟರ್, ಅಂದರೆ ತಲೆಯ ಮೇಲೆ ತಿರುಗುವ ರೆಕ್ಕೆ, ಕೆಳಕ್ಕೆ ತಳ್ಳಿದ ಗಾಳಿ ನೆಲಕ್ಕೆ ಒತ್ತಿ ಒಂದು ಬಗೆಯ ಆಸರೆ ಕೊಡುತ್ತದೆ. ಆ ಆಸರೆ ಬಿಟ್ಟು ನೇರ ಮೇಲಕ್ಕೆ ಹೋಗಲು ಇಂಜಿನ್ ತನ್ನ ಬಲವನ್ನೆಲ್ಲ ಸುರಿಯಬೇಕು. ಅದರ ಬದಲು ಮೂತಿಯನ್ನು ತುಸು ಬಗ್ಗಿಸಿ ಮುಂದಕ್ಕೆ ಸಾಗಿದರೆ, ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರ್ ವೇಗ ಬರುವಷ್ಟರಲ್ಲಿ ರೋಟರಿಗೆ ಹೊಸ ಗಾಳಿ ಸಿಕ್ಕಿ ಎತ್ತುವ ಬಲ ತಾನಾಗಿ ಹೆಚ್ಚುತ್ತದೆ. ಅಂದರೆ ಹೆಲಿಕಾಪ್ಟರಿಗೂ ಒಂದು ಓಟ ಬೇಕು. ಅದು ನೆಲದ ಮೇಲಿನ ಓಟವಲ್ಲ, ಗಾಳಿಯಲ್ಲಿನ ಓಟ.

ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದದ್ದು. ಹಾರಾಟದ ನಡುವೆ ಇಂಜಿನ್ ನಿಂತುಹೋದರೆ, ಕೆಳಗಿಳಿಯುವಾಗ ಎದುರಾಗುವ ಗಾಳಿಯೇ ರೋಟರನ್ನು ತಿರುಗಿಸುತ್ತಿರುವಂತೆ ನೋಡಿಕೊಂಡು ಪೈಲಟ್ ಯಂತ್ರವನ್ನು ಹದವಾಗಿ ಇಳಿಸಬಲ್ಲ. ಆಟೊರೊಟೇಶನ್ ಎನ್ನುವ ಈ ಉಪಾಯ ಫಲಿಸಬೇಕಾದರೆ ಎತ್ತರವಾದರೂ ಇರಬೇಕು, ವೇಗವಾದರೂ ಇರಬೇಕು. ಎರಡೂ ಕಡಿಮೆಯಿರುವ ಸ್ಥಿತಿಯಲ್ಲಿ, ಉದಾಹರಣೆಗೆ ಹತ್ತಿಪ್ಪತ್ತು ಮೀಟರ್ ಎತ್ತರದಲ್ಲಿ ಬಹುತೇಕ ನಿಂತೇ ಇರುವಾಗ, ಇಂಜಿನ್ ಕೈಕೊಟ್ಟರೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಪ್ರತಿಯೊಂದು ಮಾದರಿಯ ಕೈಪಿಡಿಯಲ್ಲೂ ಈ ಅಪಾಯದ ವಲಯವನ್ನು ಗೆರೆ ಎಳೆದು ತೋರಿಸಿರುತ್ತಾರೆ. ಅದನ್ನು ಬೇಗ ದಾಟಲು ಬೇಕಾದದ್ದು ಮುಂದೆ ಅಡ್ಡಿಯಿಲ್ಲದ ದಾರಿ, ಮತ್ತು ದಾಟುವ ಆ ಕೆಲವು ಕ್ಷಣಗಳಲ್ಲಿ ಕೆಟ್ಟದ್ದೇನಾದರೂ ಘಟಿಸಿದರೆ ಯಾರ ತಲೆಯ ಮೇಲೂ ಬೀಳದಂಥ ಜಾಗ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಹೆಲಿಪೋರ್ಟುಗಳಿಗೆ ವಿಧಿಸಿರುವ ಮಾನದಂಡಗಳು ಇಳಿಯುವ ಚೌಕದ ಅಳತೆಯನ್ನು ಹೇಳಿ ಸುಮ್ಮನಾಗದೆ, ಅದರಿಂದ ಹೊರಕ್ಕೆ ಓರೆಯಾಗಿ ಏರುತ್ತ ಹೋಗುವ ಖಾಲಿ ಆಕಾಶದ ಅಳತೆಗೂ ಅಷ್ಟೇ ಒತ್ತು ಕೊಡುವುದು ಈ ಕಾರಣಕ್ಕೆ.

ಈಗ ಮೊನಾಕೊದ ಜಗಲಿಯ ಮೇಲೆ ನಿಂತು ನೋಡಿದರೆ ಸ್ಥಳದ ಆಯ್ಕೆಯ ಅರ್ಥ ತಿಳಿಯುತ್ತದೆ. ಉತ್ತರಕ್ಕೆ ಕಟ್ಟಡಗಳು ಮತ್ತು ಬೆಟ್ಟ, ದಕ್ಷಿಣಕ್ಕೆ ಕಡಲು. ಹೊರಡುವ ಹೆಲಿಕಾಪ್ಟರ್ ಜಗಲಿಯ ಅಂಚು ದಾಟಿದೊಡನೆ ನೀರಿನ ಮೇಲಿರುತ್ತದೆ. ಅಲ್ಲಿ ಕಂಬವಿಲ್ಲ, ತಂತಿಯಿಲ್ಲ, ಮನೆಯ ಮಾಡು ಇಲ್ಲ. ಬಂದಿಳಿಯುವಾಗಲೂ ಕೊನೆಯ ಹಂತ ನೀರಿನ ಮೇಲೆಯೇ. ನೀರಿನ ಮೇಲೆ ಹಾರುವ ಯಂತ್ರಗಳಿಗೆ ತುರ್ತಿನಲ್ಲಿ ಉಬ್ಬಿ ತೇಲಿಸುವ ಚೀಲಗಳನ್ನು ಜೋಡಿಸುತ್ತಾರೆ, ಪ್ರಯಾಣಿಕರಿಗೆ ತೇಲುವ ಅಂಗಿಗಳಿರುತ್ತವೆ. ದೇಶ ತನ್ನ ಪಾಲಿನ ನೆಲದಲ್ಲಿ ತೀರಾ ಸಣ್ಣ ಭಾಗವನ್ನು ಹೆಲಿಪೋರ್ಟಿಗೆ ಕೊಟ್ಟು, ಅದಕ್ಕೆ ಬೇಕಾದ ಹತ್ತಾರು ಪಟ್ಟು ಖಾಲಿ ಜಾಗವನ್ನು ಸಮುದ್ರದಿಂದ ಪುಕ್ಕಟೆಯಾಗಿ ಪಡೆದಿದೆ. ಫೋನ್‌ವಿಯೆಯಲ್ಲಿ ತುಂಬಿ ಪಡೆದ 22 ಹೆಕ್ಟೇರಿಗಿಂತ ತುಂಬದೆ ಬಿಟ್ಟ ನೀರೇ ಹೆಲಿಪೋರ್ಟಿನ ಪಾಲಿಗೆ ಹೆಚ್ಚು ಬೆಲೆಯುಳ್ಳದ್ದು.

ಕಡಲ ಸಂಗಕ್ಕೆ ತೆರುವ ಬೆಲೆಯೂ ಇದೆ. ಉಪ್ಪು ತುಂಬಿದ ಗಾಳಿಯನ್ನು ದಿನವಿಡೀ ಹೀರುವ ಟರ್ಬೈನ್ ಇಂಜಿನಿನ ಒಳಗಿನ ಅಲಗುಗಳ ಮೇಲೆ ಉಪ್ಪಿನ ಪೊರೆ ಕೂರುತ್ತದೆ. ಅದನ್ನು ಸಿಹಿನೀರಿನಿಂದ ಮತ್ತೆ ಮತ್ತೆ ತೊಳೆಯದಿದ್ದರೆ ಬಲ ಕುಗ್ಗುತ್ತದೆ, ಲೋಹ ತಿಂದುಹೋಗುತ್ತದೆ. ಕಡಲ ಹಕ್ಕಿಗಳ ಮೇಲೂ ಕಣ್ಣಿಡಬೇಕು.

ತನ್ನದೇ ಅಕ್ಷರ, ಪರರ ಆಕಾಶ

ಜಗತ್ತಿನ ವಿಮಾನಯಾನದ ದಾಖಲೆಗಳಲ್ಲಿ ಈ ಹೆಲಿಪೋರ್ಟಿಗೆ ಎಂಸಿಎಂ ಎಂಬ ಮೂರಕ್ಷರದ ಗುರುತಿದೆ, ಎಲ್‌ಎನ್‌ಎಂಸಿ ಎಂಬ ನಾಲ್ಕಕ್ಷರದ ಗುರುತೂ ಇದೆ. ಫ್ರಾನ್ಸಿನ ನಿಲ್ದಾಣಗಳ ನಾಲ್ಕಕ್ಷರಗಳು ಎಲ್‌ಎಫ್ ಎಂದು ತೊಡಗುತ್ತವೆ. ಎಲ್‌ಎನ್ ಎಂಬ ಜೋಡಿ ಮೊನಾಕೊದ್ದೇ. ಮೂರಕ್ಷರದ ಗುರುತಿನಿಂದ ವ್ಯವಹಾರಕ್ಕೆ ದೊಡ್ಡ ಅನುಕೂಲವಾಗಿದೆ: ದೂರದ ಊರಿನಿಂದ ನೀಸ್‌ಗೆ ಬರುವ ಪ್ರಯಾಣಿಕರಿಗೆ ಕೊನೆಯ ಏಳು ನಿಮಿಷದ ಹಾರಾಟವನ್ನೂ ಸೇರಿಸಿ ಒಂದೇ ಟಿಕೆಟ್ ಮಾರಲು ದೊಡ್ಡ ವಿಮಾನ ಸಂಸ್ಥೆಗಳಿಗೆ ಸಾಧ್ಯವಾಯಿತು. ಯುರೋಪಿನ ಉಳಿದ ಪುಟ್ಟ ದೇಶಗಳಿಗೆ ಹೋಲಿಸಿದರೆ ಇದು ಅಪರೂಪ. ವ್ಯಾಟಿಕನ್‌ನ ತೋಟದ ಮೂಲೆಯಲ್ಲಿರುವ ಹೆಲಿಪ್ಯಾಡ್ 1976ರಿಂದ ಪೋಪ್ ಮತ್ತು ಅತಿಥಿಗಳ ಬಳಕೆಗಿದೆ. ಲಿಕ್ಟನ್‌ಸ್ಟೈನ್‌ಗೆ ಬಾಲ್ಸರ್ಸ್ ಎಂಬಲ್ಲಿ ಹೆಲಿಪೋರ್ಟಿದೆ. ವೇಳಾಪಟ್ಟಿಯಂತೆ ಹಾರುವ, ಯಾರು ಬೇಕಾದರೂ ಟಿಕೆಟ್ ಕೊಳ್ಳಬಹುದಾದ ಸೇವೆ ಬೇರೂರಿದ್ದು ಮೊನಾಕೊದಲ್ಲಿ.

ಆದರೂ ಇಲ್ಲಿಂದ ಏರಿದ ಯಂತ್ರ ಕೆಲವೇ ಕ್ಷಣಗಳಲ್ಲಿ ಫ್ರಾನ್ಸಿನ ಆಕಾಶದಲ್ಲಿರುತ್ತದೆ. ಬಾಲದ ಬಳಿ ಮೊನಾಕೊದ 3ಎ ಎಂಬ ನೋಂದಣಿ ಗುರುತು ಹೊತ್ತಿದ್ದರೂ ಅದು ನೀಸ್‌ನ ನಿಯಂತ್ರಕರ ಮಾತು ಕೇಳಬೇಕು, ನೀಸ್‌ಗೆ ಇಳಿಯುವ ಏರುವ ದೊಡ್ಡ ವಿಮಾನಗಳ ದಾರಿಯಿಂದ ಬೇರೆಯಾದ ಹಾದಿಯಲ್ಲಿ, ದಡಕ್ಕೆ ತುಸು ದೂರವಾಗಿ, ಕಾಪ್ ಫೆರಾ ಮೂಗುಚಾಚಿದ ಭೂಶಿರವನ್ನು ಬಳಸಿಕೊಂಡು ಸಾಗಬೇಕು. ಸುಂಕದ ವಿಷಯದಲ್ಲಿಯೂ ಗಡಿಯ ವಿಷಯದಲ್ಲಿಯೂ ಮೊನಾಕೊ ಫ್ರಾನ್ಸಿನೊಡನೆ ಕೂಡಿಕೊಂಡಿದೆ. ಸ್ವಂತ ಹೆಲಿಪೋರ್ಟ್ ಇರುವುದರಿಂದ ದೇಶಕ್ಕೆ ಸ್ವಂತ ದಾರಿ ದೊರಕಿತು ಎನ್ನುವವರು ಈ ಮಾತನ್ನು ಮರೆಯಬಾರದು. ಅದು ನೀಸ್ ನಿಲ್ದಾಣದ ಒಂದು ದೂರದ ಗೇಟು ಎಂದರೆ ಹೆಚ್ಚು ಸರಿಹೋಗುತ್ತದೆ.

ಆ ನೀಸ್ ನಿಲ್ದಾಣವಾದರೂ ಬಹುಪಾಲು ವಾರ್ ನದಿಯ ಮುಖದಲ್ಲಿ ಕಡಲು ತುಂಬಿ ಪಡೆದ ನೆಲದ ಮೇಲೆ ನಿಂತಿದೆ. 1979ರ ಅಕ್ಟೋಬರ್ 16ರಂದು ನಿಲ್ದಾಣಕ್ಕೆ ತಾಗಿ ಕಟ್ಟುತ್ತಿದ್ದ ಬಂದರಿನ ತುಂಬುನೆಲ ಇದ್ದಕ್ಕಿದ್ದಂತೆ ಜಾರಿ ಸಮುದ್ರದಾಳಕ್ಕೆ ಹೋಯಿತು, ಅದರಿಂದೆದ್ದ ಅಲೆ ಸಮೀಪದ ದಡಗಳಿಗೆ ಅಪ್ಪಳಿಸಿತು, ಹಲವರು ಪ್ರಾಣ ಕಳೆದುಕೊಂಡರು. ಏಳು ನಿಮಿಷದ ಹಾದಿಯ ಎರಡೂ ತುದಿಗಳು ಹೀಗೆ ಮನುಷ್ಯ ಕಟ್ಟಿದ ದಡದ ಮೇಲಿವೆ. ಎರಡೂ ಕಡೆ ತಳ ಬೇಗ ಆಳಕ್ಕೆ ಇಳಿಯುತ್ತದೆ.

ನಡೆಸುವವರು

1976ರಲ್ಲಿ ಆರಂಭವಾದ ಹೆಲಿ ಏರ್ ಮೊನಾಕೊ ಎಂಬ ಸಂಸ್ಥೆ ನಾಲ್ಕು ದಶಕ ಕಾಲ ನೀಸ್–ಮೊನಾಕೊ ಹಾದಿಯ ಮತ್ತೊಂದು ಹೆಸರೇ ಆಗಿತ್ತು. 1988ರಲ್ಲಿ ಹುಟ್ಟಿದ ಮೊನಾಕೇರ್ ಬಾಡಿಗೆ ಹಾರಾಟಗಳಲ್ಲಿ ತೊಡಗಿಕೊಂಡಿತ್ತು. ಸರಕಾರ ನಿಯತ ಹಾದಿಯ ಗುತ್ತಿಗೆಯನ್ನು ಸ್ಪರ್ಧೆಗೆ ಇಟ್ಟಾಗ ಅದು ಮೊನಾಕೇರ್ ಪಾಲಾಯಿತು, ಮತ್ತು 2016ರ ಆರಂಭದಿಂದ ಹಳೆಯ ಸಂಸ್ಥೆಯ ಜಾಗಕ್ಕೆ ಹೊಸದು ಬಂತು. ಈ ಬದಲಾವಣೆಯಲ್ಲಿ ಗಮನಿಸಬೇಕಾದ ಅಂಶ ಯಂತ್ರಗಳದ್ದು. ಮೊನಾಕೇರ್ ಈ ಹಾದಿಗೆ ಎಚ್130 ಮಾದರಿಯ ಹೆಲಿಕಾಪ್ಟರುಗಳನ್ನು ತಂದಿತು. ಆರೇಳು ಪ್ರಯಾಣಿಕರು ಕೂರುವ, ಒಂದೇ ಇಂಜಿನಿನ ಈ ಯಂತ್ರದ ಬಾಲದ ರೋಟರ್ ತೆರೆದ ರೆಕ್ಕೆಯಾಗಿರದೆ ಬಾಲದೊಳಗೇ ಕೊರೆದ ಸುತ್ತುಗೂಡಿನಲ್ಲಿ, ಹಲವು ಚಿಕ್ಕ ಅಲಗುಗಳಾಗಿ ತಿರುಗುತ್ತದೆ. ಹೆಲಿಕಾಪ್ಟರಿನ ಸದ್ದಿನಲ್ಲಿ ಕಿವಿಗೆ ಹೆಚ್ಚು ಚುಚ್ಚುವ ಕೀರಲು ಭಾಗ ಇದರಿಂದ ತಗ್ಗುತ್ತದೆ. ಅದು ತಯಾರಾಗುವುದು ಅದೇ ಕರಾವಳಿಯ ಪಶ್ಚಿಮಕ್ಕೆ, ಮಾರ್ಸೆ ಬಳಿಯ ಮಾರಿನ್ಯಾನ್‌ನಲ್ಲಿರುವ ಏರ್‌ಬಸ್ ಕಾರ್ಖಾನೆಯಲ್ಲಿ. ಅದೇ ಮನೆತನದ ಎಚ್125 ಮಾದರಿಯನ್ನು ಕೋಲಾರ ಜಿಲ್ಲೆಯ ವೇಮಗಲ್‌ನಲ್ಲಿ ಜೋಡಿಸಲು ಟಾಟಾ ಸಂಸ್ಥೆಯೊಡನೆ ಏರ್ಪಾಡಾಗಿರುವುದನ್ನು ನಮ್ಮ ಓದುಗರು ಬಲ್ಲರು.

2022ರಲ್ಲಿ ಅಮೆರಿಕದ ಬ್ಲೇಡ್ ಸಂಸ್ಥೆ ಮೊನಾಕೇರ್ ಮತ್ತು ಆ ಕರಾವಳಿಯ ಇನ್ನಿಬ್ಬರು ನಿರ್ವಾಹಕರಿಂದ ಟಿಕೆಟ್ ಮಾರುವ ವ್ಯವಹಾರವನ್ನು ಕೊಂಡಿತು. ಹಾರಿಸುವವರು ಹಳಬರೇ, ಸೀಟು ಮಾರುವವರು ಹೊಸಬರು. 2025ರಲ್ಲಿ ಬ್ಲೇಡ್‌ನ ಪ್ರಯಾಣಿಕ ವ್ಯವಹಾರ, ವಿದ್ಯುತ್ ಚಾಲಿತ ಲಂಬ ಹಾರಾಟದ ಯಂತ್ರ ರೂಪಿಸುತ್ತಿರುವ ಜೋಬಿ ಸಂಸ್ಥೆಯ ಕೈಸೇರಿತು. ಬೆಂಗಳೂರಿಗರಿಗೆ ಬ್ಲೇಡ್ ಹೆಸರು ಹೊಸದಲ್ಲ. 2018ರ ಮಾರ್ಚಿನಲ್ಲಿ ಥಂಬಿ ಏವಿಯೇಷನ್ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಟ್ಯಾಕ್ಸಿ ತೊಡಗಿಸಿ, ಎರಡು ಗಂಟೆಯ ದಾರಿಯನ್ನು ಹದಿನೈದು ನಿಮಿಷಕ್ಕೆ ಇಳಿಸುವ ಭರವಸೆ ಕೊಟ್ಟಿತ್ತು. 2022ರ ಅಕ್ಟೋಬರಿನಲ್ಲಿ ಬ್ಲೇಡ್‌ನ ಭಾರತೀಯ ಸಂಸ್ಥೆ ಎಚ್‌ಎಎಲ್ ನಿಲ್ದಾಣಕ್ಕೆ ಹಾರಾಟ ಆರಂಭಿಸಿತು. ಮೊನಾಕೊದಲ್ಲಿ ಐವತ್ತು ವರ್ಷ ಮುಟ್ಟುತ್ತಿರುವ ಸೇವೆ ಬೆಂಗಳೂರಿನಲ್ಲಿ ಏಕೆ ಬೇರುಬಿಡಲಿಲ್ಲ ಎಂಬುದಕ್ಕೆ ಹಣದ ಕಾರಣಗಳನ್ನು ಯಾರು ಬೇಕಾದರೂ ಹೇಳಬಹುದು. ಹಣಕ್ಕಿಂತ ಮೊದಲಿನ ಕಾರಣವೆಂದು ನನಗೆ ತೋರುವುದು ಬಯಲು. ಬೆಂಗಳೂರಿನಲ್ಲಿ ಇಳಿಯುವ ಜಾಗದಿಂದ ಇನ್ನೊಂದು ಇಳಿಯುವ ಜಾಗದವರೆಗೆ ಕೆಳಗೆ ಮನೆಗಳೇ. ಮೊನಾಕೊದಲ್ಲಿ ಪೂರಾ ಹಾದಿಯ ಕೆಳಗೆ ನೀರು. ನಿಲ್ದಾಣಗಳನ್ನು ಹೆಚ್ಚಿಸುವುದಿರಲಿ, ಒಂದನ್ನು ಉಳಿಸಿಕೊಳ್ಳುವುದೂ ಊರ ನಡುವೆ ಸುಲಭವಲ್ಲ.

ಯಾರಿಗಾಗಿ

ಮೊನಾಕೊದ ನಿವಾಸಿಗಳು 40 ಸಾವಿರದ ಒಳಗಿದ್ದಾರೆ. ಅಲ್ಲಿ ದುಡಿಯುವವರು 50 ಸಾವಿರ ಮೀರುತ್ತಾರೆ, ಅವರಲ್ಲಿ ಬಹುಪಾಲು ಜನ ಫ್ರಾನ್ಸ್, ಇಟಲಿಗಳಿಂದ ದಿನವೂ ರೈಲಿನಲ್ಲೋ ಬಸ್ಸಿನಲ್ಲೋ ಬೈಕಿನಲ್ಲೋ ಬಂದುಹೋಗುವವರು. ಒಂದು ಹಾರಾಟಕ್ಕೆ ಆರೇಳು ಜನರನ್ನು, ತಲೆಗೆ ನೂರು ಯೂರೊ ಮೀರಿದ ದರದಲ್ಲಿ ಕೊಂಡೊಯ್ಯುವ ಹೆಲಿಪೋರ್ಟ್ ಇವರ ದಟ್ಟಣೆಯನ್ನು ಎಳ್ಳಷ್ಟೂ ತಗ್ಗಿಸದು. ಏಳು ನಿಮಿಷ ಎಂಬ ಲೆಕ್ಕಕ್ಕೂ ಬಾಲವಿದೆ. ನೀಸ್‌ನಲ್ಲಿ ವಿಮಾನ ಇಳಿದು ಸಾಮಾನು ಪಡೆದು ಹೆಲಿಕಾಪ್ಟರ್ ಕೌಂಟರಿಗೆ ಹೋಗಬೇಕು, ತೂಕ ನೋಡಿ ಸೀಟು ಗೊತ್ತುಮಾಡುವವರೆಗೆ ಕಾಯಬೇಕು, ಹೆಚ್ಚಿನ ಪೆಟ್ಟಿಗೆಗಳನ್ನು ರಸ್ತೆಯಲ್ಲಿ ಕಳಿಸಬೇಕು, ಮೊನಾಕೊದಲ್ಲಿ ಇಳಿದ ಮೇಲೆ ಕಾರು ಹತ್ತಬೇಕು. ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿದರೆ ದಟ್ಟಣೆಯಿಲ್ಲದ ದಿನ ಟ್ಯಾಕ್ಸಿಗೂ ಇದಕ್ಕೂ ಅಂತರ ಕಿರಿದಾಗುತ್ತದೆ. ಕೊಳ್ಳುವವರು ನಿಮಿಷಗಳನ್ನಷ್ಟೇ ಕೊಳ್ಳುವುದಿಲ್ಲ. ರಸ್ತೆಯಲ್ಲಿ ಎಷ್ಟು ಹೊತ್ತಾದೀತು ಎಂಬ ಅನಿಶ್ಚಯದಿಂದ ಬಿಡುಗಡೆಯನ್ನು ಕೊಳ್ಳುತ್ತಾರೆ, ಕಿಟಕಿಯಾಚೆಯ ನೋಟವನ್ನೂ ಕೊಳ್ಳುತ್ತಾರೆ.

1929ರಿಂದ ಊರ ಬೀದಿಗಳಲ್ಲೇ ನಡೆಯುತ್ತ ಬಂದಿರುವ ಮೋಟಾರು ಓಟದ ವಾರದಲ್ಲಿ ಮಾತ್ರ ಚಿತ್ರ ಬೇರೆಯಾಗುತ್ತದೆ. ದೇಶದ ಮುಖ್ಯ ರಸ್ತೆಗಳೇ ಓಟದ ಕಣವಾಗಿ ಮುಚ್ಚಿಕೊಂಡಾಗ, ಫೋನ್‌ವಿಯೆಯ ಆ ಸಣ್ಣ ಜಗಲಿಯ ಮೇಲೆ ಹೆಲಿಕಾಪ್ಟರುಗಳು ಒಂದರ ಬೆನ್ನಿಗೊಂದು ಇಳಿದು, ರೋಟರ್ ನಿಲ್ಲಿಸದೆಯೇ ಜನರನ್ನು ಇಳಿಸಿ ಹತ್ತಿಸಿಕೊಂಡು ಏಳುತ್ತವೆ. ಹೆಲಿಪೋರ್ಟಿನ ಸಾಮರ್ಥ್ಯದ ನಿಜವಾದ ಪರೀಕ್ಷೆ ಅದು. ನಿಲುಗಡೆಯ ಜಾಗ ಕಡಿಮೆ ಎಂಬ ಕೊರತೆಯನ್ನು ನಿಲ್ಲದೆ ಹೋಗುವ ಶಿಸ್ತಿನಿಂದ ತುಂಬಿಸಿಕೊಳ್ಳುವುದು ಆಗ ಕಾಣುತ್ತದೆ.

ಈ ಜಗಲಿಯ ನೆಲಕ್ಕೆ ಬೇರೆ ಬೆಲೆಯೂ ಉಂಟು. ಮೊನಾಕೊದಲ್ಲಿ ಮನೆಯ ಬೆಲೆ ಚದರ ಮೀಟರಿಗೆ ಸರಾಸರಿ 50 ಸಾವಿರ ಯೂರೊ ಆಸುಪಾಸಿನಲ್ಲಿದೆ. 2024ರ ಡಿಸೆಂಬರಿನಲ್ಲಿ ತೆರೆದ ಮಾರೆತೆರಾ ಬಡಾವಣೆಯಲ್ಲಿ ಕೇವಲ ಆರು ಹೆಕ್ಟೇರ್ ನೆಲ ಪಡೆಯಲು ತಲಾ ಸುಮಾರು 10,000 ಟನ್ ತೂಗುವ 18 ಕಾಂಕ್ರೀಟ್ ಪೆಟ್ಟಿಗೆಗಳನ್ನು ಸಮುದ್ರದ ತಳದಲ್ಲಿ ಕೂರಿಸಬೇಕಾಯಿತು. ಇಂಥ ಲೆಕ್ಕಾಚಾರದ ದೇಶದಲ್ಲಿ ಕಡಲಿಗೆ ಮುಖ ಮಾಡಿದ ಸಮತಟ್ಟು ಜಾಗವೊಂದು ಅರ್ಧ ಶತಮಾನ ಕಾಲ ಕಟ್ಟಡವಿಲ್ಲದೆ ಉಳಿದಿರುವುದು ಸಣ್ಣ ಮಾತಲ್ಲ. ವಿದ್ಯುತ್ ಯಂತ್ರಗಳು ಬಂದರೆ ಹೆಲಿಪೋರ್ಟ್‌ಗಳನ್ನು ಮನೆಯ ಮಾಡಿನ ಮೇಲೆಲ್ಲ ಕಟ್ಟಬಹುದು ಎಂದು ಹೇಳುವವರಿದ್ದಾರೆ. ಸದ್ದು ಕಡಿಮೆಯಾಗುವುದು ನಿಜವಾದರೂ, ಏರುವ ಇಳಿಯುವ ಯಂತ್ರಕ್ಕೆ ಎದುರು ಖಾಲಿ ಆಕಾಶ ಬೇಕೆಂಬ ಅಗತ್ಯ ಅದರಿಂದ ಹೋಗದು. ಆದ್ದರಿಂದ ಈ ಜಗಲಿ ಸದ್ಯಕ್ಕೆ ಇಲ್ಲಿಂದ ಕದಲುವಂತೆ ನನಗೆ ಕಾಣುವುದಿಲ್ಲ.

ಕಡಲ ಹಾದಿಯ ಸುರಕ್ಷತೆ ಬೆಟ್ಟದ ಹಾದಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ದಾಖಲಿಸಬೇಕು. 2022ರ ನವೆಂಬರ್ 25ರಂದು ಸ್ವಿಟ್ಜರ್ಲೆಂಡಿನ ಲೌಸಾನ್ ಕಡೆಯಿಂದ ಮೊನಾಕೊಗೆ ಬರುತ್ತಿದ್ದ ಒಂದು ಹೆಲಿಕಾಪ್ಟರ್ ಗುರಿ ಇನ್ನೇನು ಸಮೀಪಿಸಿತು ಎನ್ನುವಾಗ ನೀಸ್ ಮತ್ತು ಮೊನಾಕೊ ನಡುವಿನ ಬೆಟ್ಟದ ಮೇಲೆ ಬಿದ್ದು, ಪೈಲಟ್ ಮತ್ತು ಪ್ರಯಾಣಿಕ ಇಬ್ಬರೂ ತೀರಿಕೊಂಡರು.

ನೀಸ್–ಮೊನಾಕೊ ಹಾರಾಟ ನಡೆಯುವುದು ಕಣ್ಣಿಗೆ ದಾರಿ ಕಾಣುವ ಹವೆಯಲ್ಲಿ ಮಾತ್ರ. ವರ್ಷದ ಬಹುಪಾಲು ದಿನ ಬಿಸಿಲು ಹೊಳೆಯುವ ಕರಾವಳಿಯಾದ್ದರಿಂದ ಇದು ದೊಡ್ಡ ಅಡ್ಡಿಯಲ್ಲ. ಆದರೆ ನಾಯಿತಲೆ ಬಂಡೆ ಕಾಣದಷ್ಟು ಮೋಡ ಕೆಳಗಿಳಿದ ದಿನ, ಅಥವಾ ಗಾಳಿ ಮಿತಿ ಮೀರಿ ಬೀಸಿದ ದಿನ, ಜಗಲಿ ಖಾಲಿಯಿರುತ್ತದೆ. ಹಾರಾಟಕ್ಕೆ ಟಿಕೆಟ್ ಪಡೆದವರನ್ನು ನೀಸ್‌ನಲ್ಲಿ ವ್ಯಾನಿಗೆ ಹತ್ತಿಸುತ್ತಾರೆ, ವ್ಯಾನು ಎ8 ಹೆದ್ದಾರಿ ಸೇರಿ, ಸುರಂಗಗಳನ್ನು ಹಾಯ್ದು, ಉಳಿದೆಲ್ಲರ ಜತೆಗೆ ಸಾಲಿನಲ್ಲಿ ನಿಂತು ಬೆಟ್ಟ ಇಳಿಯುತ್ತದೆ.